ಎಡವಟ್ಟಾಗಿ ಚೆನ್ನಾಗಿ ಬಂದ ಫೋಟೋಗಳು: ಕಪ್ಪು-ಬಿಳುಪು ರೀಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಬೀರುವಿನಲ್ಲಿ ಮಲಗಿದ್ದ ಅಜ್ಜಂದಿರ ಕ್ಯಾಮೆರಾಗಳು ಮತ್ತೆ ಹೊರಗೆ ಬರುತ್ತಿವೆ. ಜೊತೆಗೆ ಪ್ರಶ್ನೆಗಳೂ ಬರುತ್ತಿವೆ. ಹೆಚ್ಚಿನವು ಒಂದೇ ಥರ: "ಏನೋ ಎಡವಟ್ಟಾಗಿದೆ, ಆದ್ರೆ ಫೋಟೋ ಮಜವಾಗಿದೆ. ಹೇಗಾಯ್ತು? ಇನ್ನೊಂದ್ಸಲ ಮಾಡ್ಬಹುದಾ?" ಮನೆಯಲ್ಲೇ ರೀಲ್ ತೊಳೆಯುವ, ಅಂದರೆ ಡೆವಲಪ್ ಮಾಡುವ ಅಭ್ಯಾಸ ಇರುವುದರಿಂದ ಇಂಥವು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನೆಗೆಟಿವ್‌ನಲ್ಲಿ ಏನೋ ವಿಚಿತ್ರ ಕಾಣುತ್ತಿದೆ. ಎಲ್ಲಿಂದ ಹುಡುಕಲಿ?

ಮೊದಲು ಫೋಟೋ ಬಿಟ್ಟು ಫಿಲ್ಮಿನ ಅಂಚು ನೋಡಿ. ಅಲ್ಲಿ ಕಂಪನಿಯ ಹೆಸರು, ಫ್ರೇಮ್ ನಂಬರ್ ಇರುತ್ತವೆ. ಅವನ್ನು ಫ್ಯಾಕ್ಟರಿಯಲ್ಲೇ ಬೆಳಕು ಬಿಟ್ಟು ಬರೆದಿರುತ್ತಾರೆ. ನೀವು ಡೆವಲಪ್ ಮಾಡಿದಾಗ ಫೋಟೋ ಜೊತೆ ಅವೂ ಮೂಡುತ್ತವೆ. ಅಕ್ಷರಗಳು ಕಪ್ಪಗೆ ಮೂಡಿದ್ದು ಫೋಟೋ ಮಾತ್ರ ಇಲ್ಲ ಅಂದರೆ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಸರಿಯಿದೆ, ಎಡವಟ್ಟು ಕ್ಯಾಮೆರಾದ್ದು. ಅಕ್ಷರವೂ ಇಲ್ಲ, ಫೋಟೋವೂ ಇಲ್ಲ ಅಂದರೆ ತೊಳೆಯುವಾಗ ಕೆಟ್ಟಿದೆ.

ಆಮೇಲೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಫ್ರೇಮ್ ದಾಟಿ ಹಲ್ಲಿನ ತೂತುಗಳವರೆಗೂ ಹರಡಿದ್ದರೆ ಬೆಳಕು ಹಿಂಬಾಗಿಲಿನಿಂದಲೋ, ಡಬ್ಬಿಯ ಬಾಯಿಂದಲೋ ಒಳಗೆ ನುಗ್ಗಿದೆ. ಫ್ರೇಮಿನ ಒಳಗೆ ಮಾತ್ರ ಇದ್ದರೆ ಅದು ಲೆನ್ಸ್ ಅಥವಾ ಶಟರ್ ಕಡೆಯಿಂದ ಬಂದದ್ದು. ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಇದ್ದರೆ ಕ್ಯಾಮೆರಾದಲ್ಲೇ ದೋಷ ಇದೆ. ಶುರುವಿನ ಎರಡು ಮೂರು ಫ್ರೇಮಿಗೆ ಮಾತ್ರ ಇದ್ದರೆ ಸುಡು ಬಿಸಿಲಲ್ಲಿ ರೀಲ್ ಹಾಕಿದ್ದೀರಿ. ನೆಗೆಟಿವ್‌ನಲ್ಲಿ ಕಪ್ಪಾಗಿದ್ದದ್ದು ಪ್ರಿಂಟಿನಲ್ಲಿ ಬಿಳಿಯಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಹೊಸಬರು ಇಲ್ಲೇ ಗಲಿಬಿಲಿಯಾಗುವುದು.

ಇಷ್ಟೆಲ್ಲ ಪತ್ತೆದಾರಿ ಯಾಕೆ ಅಂದರೆ, ಕಾರಣ ಗೊತ್ತಾದರೆ ಆ ಎಡವಟ್ಟನ್ನು ಬೇಕಾದಾಗ ಕರೆಯಬಹುದು, ಬೇಡವಾದಾಗ ಬಾಗಿಲು ಹಾಕಬಹುದು.

ಫೋಟೋಗೆ ಅಡ್ಡಲಾಗಿ ಬಿಳಿ ಹೊಗೆಯಂಥ ಪಟ್ಟೆ ಬಂದಿದೆ. ಸ್ಟುಡಿಯೋದವರು "ಲೈಟ್ ಹೊಡೆದಿದೆ" ಅಂದರು. ಸರಿ ಮಾಡಿಸಬೇಕಾ?

1970–80ರ ದಶಕದ ಕ್ಯಾಮೆರಾ ಆದರೆ ಹಿಂಬಾಗಿಲಿನ ಸುತ್ತ ಒಂದು ಕಪ್ಪು ಸ್ಪಂಜಿನ ಪಟ್ಟಿ ಇರುತ್ತದೆ. ಬೆಳಕು ತಡೆಯುವುದು ಅದೇ. ವಯಸ್ಸಾದಂತೆ ಅದು ಟಾರಿನ ಹಾಗೆ ಅಂಟಂಟಾಗಿ ಉದುರುತ್ತದೆ. ಬೆರಳಿಗೆ ಕಪ್ಪು ಮೆತ್ತಿಕೊಂಡರೆ ಅದರ ಆಯಸ್ಸು ಮುಗಿದಿದೆ ಅಂತ ಅರ್ಥ. ಹಳೆಯದನ್ನು ಸ್ಪಿರಿಟ್ ಹಚ್ಚಿ ಕೆರೆದು, ಆ ಸಂದಿನಲ್ಲಿ ಕಪ್ಪು ಉಲ್ಲನ್ ದಾರ ಕೂರಿಸಿದರೂ ಕೆಲಸ ನಡೆಯುತ್ತದೆ.

ಆಗ್ಫಾ ಕ್ಲಿಕ್ 3 ಇದ್ದವರದು ಬೇರೆ ಕತೆ. 120 ರೀಲಿನ, 12 ಚೌಕ ಫೋಟೋ ಬರುವ ಆ ಕ್ಯಾಮೆರಾ ಒಂದು ಕಾಲದಲ್ಲಿ ಎಷ್ಟೋ ಮನೆಗಳಲ್ಲಿತ್ತು. ಅದರ ಬೆನ್ನಿಗೆ ಸಣ್ಣ ಕೆಂಪು ಕಿಟಕಿ ಇದೆ, ನಂಬರ್ ನೋಡಿ ರೀಲ್ ತಿರುಗಿಸುವುದಕ್ಕೆ. ಹಿಂದಿನ ಕಾಲದ ಎಷ್ಟೋ ಫಿಲ್ಮ್‌ಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಹಾಗಾಗಿ ಕೆಂಪು ಗಾಜು ಸಾಕಾಗುತ್ತಿತ್ತು. ಈಗಿನ ಎಚ್‌ಪಿ5, ಟ್ರೈ-ಎಕ್ಸ್ ಎಲ್ಲ ಕೆಂಪನ್ನೂ ನೋಡುವ ಫಿಲ್ಮ್‌ಗಳು. ರೀಲಿನ ಹಿಂದಿನ ಕಾಗದ ಒಂದಷ್ಟು ಕಾಯುತ್ತದೆ. ಆದರೂ ಹಳೇಬೀಡಿನ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೆನ್ನು ಕೊಟ್ಟು ನಿಂತರೆ ಫೋಟೋ ನಡುವೆ ಮಸುಕಾದ ಬಿಳಿ ಉಂಡೆ ಬರಬಹುದು. ಕಿಟಕಿ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿ, ತಿರುಗಿಸುವಾಗ ಮಾತ್ರ ಎತ್ತಿ ನೋಡಿ.

ಸರಿ ಮಾಡಿಸಬೇಕಾ ಅಂದರೆ, ಮಾಡಿಸಿ ಅಂತಲೇ ಹೇಳುತ್ತೇನೆ. ಎಲ್ಲ ಫೋಟೋಗೂ ಒಂದೇ ಪಟ್ಟೆ ಬಂದರೆ ಮೂರನೇ ಫೋಟೋ ಹೊತ್ತಿಗೆ ಬೇಜಾರಾಗುತ್ತದೆ. ಬೇಕು ಅನ್ನಿಸಿದ ದಿನ ಟೇಪ್ ತೆಗೆದರಾಯಿತು.

ಒಂದರ ಮೇಲೊಂದು ಎರಡು ಫೋಟೋ ಬಿದ್ದಿವೆ. ಅದೇ ಎಲ್ಲಕ್ಕಿಂತ ಚೆನ್ನಾಗಿದೆ!

ಇದು ಎರಡು ಥರ ಆಗುತ್ತದೆ. ಕ್ಲಿಕ್‌ನಂಥ ಸರಳ ಕ್ಯಾಮೆರಾದಲ್ಲಿ ರೀಲ್ ತಿರುಗಿಸದೆಯೇ ಮತ್ತೆ ಬಟನ್ ಒತ್ತಬಹುದು. ಮರೆತರೆ ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ. ಎರಡನೆಯದು, ತೆಗೆದು ಮುಗಿದ 35 ಎಂಎಂ ರೀಲನ್ನು ಹೊಸದು ಅಂದುಕೊಂಡು ಮತ್ತೆ ಹಾಕುವುದು. ಆಗ ರೀಲ್ ಪೂರ್ತಿ ಎರಡೆರಡು ಚಿತ್ರ. ಫ್ರೇಮ್‌ಗಳು ಸಾಮಾನ್ಯವಾಗಿ ಸರಿಯಾಗಿ ಕೂರುವುದಿಲ್ಲ. ಬಿಸಿಲೆ ಘಾಟಿನ ಮರದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನ ಅರ್ಧ, ಪಕ್ಕದ ಫ್ರೇಮಿನಲ್ಲಿ ಉಳಿದರ್ಧ. ಬೇಡ ಅಂದರೆ ರೀಲ್ ಸುತ್ತುವಾಗ ಹೊರಗೆ ಉಳಿಯುವ ಫಿಲ್ಮಿನ ನಾಲಿಗೆಯನ್ನೂ ಪೂರ್ತಿ ಡಬ್ಬಿಯೊಳಗೆ ಎಳೆದುಬಿಡಿ.

ಬೇಕು ಅಂತ ಮಾಡುವುದಾದರೆ ಒಂದು ವಿಷಯ ತಲೆಯಲ್ಲಿರಲಿ. ಎರಡನೇ ಚಿತ್ರ ಚೆನ್ನಾಗಿ ಕಾಣುವುದು ಮೊದಲ ಚಿತ್ರದ ಕತ್ತಲ ಭಾಗದಲ್ಲಿ. ಮೊದಲ ಸಲ ಬಿಳಿ ಆಕಾಶ ತುಂಬಿದ್ದರೆ ಅಲ್ಲಿ ಇನ್ನೇನೂ ಹಿಡಿಸುವುದಿಲ್ಲ. ಬೇಲೂರಿನ ದರ್ಪಣಸುಂದರಿಯನ್ನು ತೆಗೆಯುವುದಾದರೆ ಅವಳ ಹಿಂದಿನ ಸೂರಿನ ನೆರಳು ಎಷ್ಟಿದೆ ನೋಡಿಕೊಳ್ಳಿ. ಆ ನೆರಳಿನೊಳಗೆ ಅಂಗಳದ ಜನ, ಕೊಡೆ, ಮಕ್ಕಳು ಬಂದು ಕೂರುತ್ತಾರೆ. ಎರಡು ಸಲವೂ ಒಂದೊಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕು ಕೊಡಿ. ಇಲ್ಲದಿದ್ದರೆ ನೆಗೆಟಿವ್ ತೀರಾ ಕಪ್ಪಾಗುತ್ತದೆ.

ಪೆಂಟ್ಯಾಕ್ಸ್ ಕೆ1000 ಥರದ ಕ್ಯಾಮೆರಾದಲ್ಲಿ ಅಡಿಯ ಸಣ್ಣ ರಿವೈಂಡ್ ಬಟನ್ ಒತ್ತಿ, ಎಡಗಡೆಯ ರಿವೈಂಡ್ ನಾಬನ್ನು ಬಿಗಿಯಾಗಿ ಹಿಡಿದು, ಲಿವರ್ ಎಳೆಯಿರಿ. ಶಟರ್ ತಯಾರಾಗುತ್ತದೆ, ಫಿಲ್ಮ್ ಮುಂದೆ ಹೋಗುವುದಿಲ್ಲ. ಒಂದೆರಡು ಮಿಲಿಮೀಟರ್ ಜಾರುತ್ತದೆ, ಇರಲಿ ಬಿಡಿ.

ಇಂಥ ಎಡವಟ್ಟುಗಳನ್ನು ದೊಡ್ಡ ಫೋಟೋಗ್ರಾಫರ್‌ಗಳು ಒಪ್ಪುತ್ತಾರಾ?

ಎಷ್ಟೋ ಜನ ಹೆಸರು ಮಾಡಿದ್ದೇ ಇದರಿಂದ. ಫ್ರಾನ್ಸಿನ ಜಾಕ್ ಆನ್ರಿ ಲಾರ್ಟೀಗ್ ಇನ್ನೂ ಹುಡುಗನಾಗಿದ್ದಾಗ, 1910ರ ದಶಕದ ಶುರುವಿನಲ್ಲಿ, ಒಂದು ಕಾರ್ ರೇಸಿನ ಫೋಟೋ ತೆಗೆದ. ಕಾರಿನ ಚಕ್ರ ಮೊಟ್ಟೆಯಾಕಾರಕ್ಕೆ ಮುಂದೆ ವಾಲಿದೆ, ನಿಂತಿರುವ ಜನ ಅದರ ವಿರುದ್ಧ ದಿಕ್ಕಿಗೆ ವಾಲಿದ್ದಾರೆ. ಅವನ ಕ್ಯಾಮೆರಾದ ಶಟರ್ ಒಂದು ಸೀಳಿನಂತೆ ಫಲಕದ (ಆಗ ಫಿಲ್ಮಿನ ಬದಲು ಬಳಸುತ್ತಿದ್ದದ್ದು) ಮೇಲೆ ಹರಿಯುತ್ತಿತ್ತು. ಅದು ಹರಿದು ಮುಗಿಯುವಷ್ಟರಲ್ಲಿ ಕಾರೂ ಓಡಿತ್ತು, ಅವನೂ ಕ್ಯಾಮೆರಾ ತಿರುಗಿಸಿದ್ದ. ಬಹಳ ವರ್ಷ ಆ ಫೋಟೋ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ ಚಿತ್ರಗಳ ಪ್ರದರ್ಶನ ಮಾಡಿತು. ಆಮೇಲೆ ಅದು ವೇಗದ ಗುರುತೇ ಆಗಿಹೋಯಿತು.

ಇನ್ನೊಂದು ಪ್ಯಾರಿಸ್‌ನ ಡಾರ್ಕ್ ರೂಮಿನದು. 1929ರ ಸುಮಾರಿಗೆ ಲೀ ಮಿಲ್ಲರ್ ಅನ್ನುವ ಫೋಟೋಗ್ರಾಫರ್ ಮ್ಯಾನ್ ರೇ ಜೊತೆ ಕೆಲಸ ಮಾಡುತ್ತಿದ್ದರು. ಕತ್ತಲಲ್ಲಿ ಕಾಲ ಮೇಲೆ ಏನೋ ಹರಿದಂತಾಗಿ ದೀಪ ಹಾಕಿಬಿಟ್ಟೆ ಅಂತ ಅವರು ಆಮೇಲೆ ಹೇಳಿಕೊಂಡಿದ್ದಾರೆ. ಅರ್ಧ ಡೆವಲಪ್ ಆಗಿದ್ದ ನೆಗೆಟಿವ್‌ಗಳಿಗೆ ಬೆಳಕು ಬಿತ್ತು. ಮೈಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಎಳೆದಂತೆ ಗೆರೆ ಮೂಡಿತ್ತು. ವಿದ್ಯೆ ಹೊಸದೇನಲ್ಲ. 19ನೇ ಶತಮಾನದಲ್ಲೇ ಸಬಾತಿಯೇ ಎಂಬವನು ಇದನ್ನು ಬರೆದಿಟ್ಟಿದ್ದ. ಆದರೆ ಆ ಗೆರೆಯನ್ನು ಹಿಡಿದು, ಮತ್ತೆ ಮತ್ತೆ ಮಾಡಿ, ತಮ್ಮದೇ ಶೈಲಿ ಮಾಡಿಕೊಂಡವರು ಇವರಿಬ್ಬರು. ನನಗೆ ಈ ಕತೆಯಲ್ಲಿ ದೀಪ ಹಾಕಿದ ಕ್ಷಣಕ್ಕಿಂತ, ಆ ನೆಗೆಟಿವ್‌ಗಳನ್ನು ಕಸಕ್ಕೆ ಹಾಕದೆ ಹೈಪೋಗೆ (ಚಿತ್ರವನ್ನು ಖಾಯಂ ಮಾಡುವ ಫಿಕ್ಸರ್) ಇಳಿಸಿದ್ದೇ ದೊಡ್ಡದಾಗಿ ಕಾಣುತ್ತದೆ.

ಆ ಗೆರೆ ನಮ್ಮ ಮನೆಯಲ್ಲೂ ಬರಿಸಬಹುದಾ?

ಪ್ರಿಂಟ್ ಹಾಕುವ ಸೌಕರ್ಯ ಇದ್ದರೆ ಪೇಪರ್ ಮೇಲೆ ಮಾಡಿ. ಪೇಪರ್ ಹಾಳಾದರೆ ಇನ್ನೊಂದು ಹಾಕಬಹುದು, ನೆಗೆಟಿವ್ ಹೋದರೆ ಹೋಯಿತು. ಪ್ರಿಂಟ್ ಡೆವಲಪರ್‌ನಲ್ಲಿ ಅರ್ಧ ಮೂಡಿದಾಗ ಒಂದು ಸಣ್ಣ ಬಲ್ಬನ್ನು ಕ್ಷಣಮಾತ್ರ ಹಾಕಿ ಆರಿಸಿ. ಟ್ರೇ ಅಲುಗಾಡಿಸದೆ ಡೆವಲಪ್ ಮುಗಿಸಿ. ಪೇಪರ್ ಮೇಲೆ ಮಾಡಿದರೆ ಅಂಚಿನ ಗೆರೆ ಬಿಳಿ ಬರುತ್ತದೆ. ನೆಗೆಟಿವ್ ಮೇಲೆ ಮಾಡಿದರೆ ಪ್ರಿಂಟಿನಲ್ಲಿ ಕಪ್ಪು ಗೆರೆ. ಕಾಂಟ್ರಾಸ್ಟ್ ಜಾಸ್ತಿ ಇರುವ ಚಿತ್ರ ಆರಿಸಿಕೊಳ್ಳಿ. ಮಂಜಿನ ಫೋಟೋಗೆ ಇದು ಸುಮ್ನೆ ದಂಡ.

ಕಾಫಿಯಲ್ಲಿ ರೀಲ್ ತೊಳೆಯಬಹುದಂತೆ, ಹೌದಾ?

ಚಿಕ್ಕಮಗಳೂರಿನವರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ! ಹೌದು, ತೊಳೆಯಬಹುದು. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ರಸಾಯನಶಾಸ್ತ್ರ ತರಗತಿಯಲ್ಲಿ ಇದು ಹುಟ್ಟಿತು. ಹೆಸರು ಕ್ಯಾಫೆನಾಲ್. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲದಂಥ ಅಂಶಗಳು. ಆಮೇಲೆ ಇದಕ್ಕೆ ವಿಟಮಿನ್ ಸಿ ಸೇರಿಸಿ ಜನ ಸುಧಾರಿಸಿದರು.

ಹೆಚ್ಚು ಬಳಕೆಯಲ್ಲಿರುವ ಅಳತೆ ಹೀಗಿದೆ. ಒಂದು ಲೀಟರ್ ನೀರಿಗೆ 54 ಗ್ರಾಂ ನೀರಿನಂಶ ಇಲ್ಲದ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ ಪುಡಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. ಇದೇ ಕ್ರಮದಲ್ಲಿ ಕರಗಿಸಿ. ನೊರೆ ಇಳಿಯಲು ಐದು ನಿಮಿಷ ಬಿಡಿ. 20 ಡಿಗ್ರಿಯಲ್ಲಿ 15 ನಿಮಿಷ ತೊಳೆಯಿರಿ. 400 ಐಎಸ್‌ಒ ಫಿಲ್ಮ್ ಆದರೆ 10 ಗ್ರಾಂ ಅಯೋಡಿನ್ ಉಪ್ಪು ಹಾಕಿ, ಮಬ್ಬು ಕಡಿಮೆಯಾಗುತ್ತದೆ. ಒಂದು 35 ಎಂಎಂ ರೀಲಿನ ಟ್ಯಾಂಕಿಗೆ ಸುಮಾರು 300 ಮಿಲಿ ಸಾಕು, ಲೀಟರ್‌ಗಟ್ಟಲೆ ಮಾಡಬೇಡಿ. ಇಟ್ಟು ಬಳಸುವುದಕ್ಕೆ ಬರುವುದಿಲ್ಲ. ಆಮೇಲೆ ಮಾಮೂಲಿ ಫಿಕ್ಸರ್ ಬೇಕೇ ಬೇಕು.

ಇಲ್ಲಿ ನಮ್ಮ ಕಡೆಯವರಿಗೆ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು ಸೋಡಾ. ಇಡ್ಲಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ ಬೇರೆ, ಬಟ್ಟೆ ಸೋಡಾ ಬೇರೆ. ಅಡುಗೆ ಸೋಡಾ ಹಾಕಿದರೆ ಚಿತ್ರ ಸರಿಯಾಗಿ ಮೂಡುವುದೇ ಇಲ್ಲ. ಹರಳಿನಂತಿರುವ ಬಟ್ಟೆ ಸೋಡಾ ಸಿಕ್ಕರೆ ಅದರಲ್ಲಿ ನೀರಿನಂಶ ಜಾಸ್ತಿ, ಸುಮಾರು 2.7 ಪಟ್ಟು ಹಾಕಬೇಕಾಗುತ್ತದೆ. ಎರಡನೆಯದು ಕಾಫಿ. ಮನೆಯ ಫಿಲ್ಟರ್ ಡಿಕಾಕ್ಷನ್ ಎಷ್ಟೇ ಗಟ್ಟಿ ಅಂದರೂ ಅದರ ಬಲ ದಿನಕ್ಕೊಂದು ಥರ. ಚಿಕೋರಿ ಬೆರೆಸಿದ ಪುಡಿಯಂತೂ ಬೇಡ. ಚಿಕೋರಿ ಇಲ್ಲದ, ಅಗ್ಗದ ಇನ್‌ಸ್ಟಂಟ್ ಕಾಫಿಯೇ ವಾಸಿ. ಅಗ್ಗದ್ದರಲ್ಲಿ ರೊಬಸ್ಟಾ ಜಾಸ್ತಿ ಇರುತ್ತದೆ, ಬೇಕಾದ ಆಮ್ಲ ಅರೇಬಿಕಾಗಿಂತ ರೊಬಸ್ಟಾದಲ್ಲಿ ಹೆಚ್ಚು. ಬಾಬಾಬುಡನ್‌ಗಿರಿಯ ಮೇಲಿನ ತೋಟದವರು ಬೇಜಾರು ಮಾಡಿಕೊಳ್ಳಬಾರದು, ಈ ಒಂದು ಕೆಲಸಕ್ಕೆ ಮಾತ್ರ ರೊಬಸ್ಟಾ ಗೆಲ್ಲುತ್ತದೆ. ಮೂರನೆಯದು ವಾಸನೆ. ಸೋಡಾ ಮತ್ತು ಕಾಫಿ ಸೇರಿದಾಗ ಬರುವ ವಾಸನೆಗೆ ಮನೆಯವರು ಅಡುಗೆಮನೆಯಿಂದ ಓಡಿಸುವುದು ಖಂಡಿತ. ಹಿತ್ತಲಲ್ಲಿ ಮಾಡಿ.

ಎಡವಟ್ಟು ಎಲ್ಲಿ ಬಂತು ಅಂತೀರಾ? ನೆಗೆಟಿವ್‌ಗೆ ಕಂದು ಬಣ್ಣದ ಕಲೆ ಹಿಡಿಯುತ್ತದೆ. ಅದು ಎಷ್ಟು ಹಿಡಿಯುತ್ತದೆ ಅನ್ನುವುದು ಕಾಫಿ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ. ಕೆಲವು ಸಲ ಮಬ್ಬು, ಕೆಲವು ಸಲ ಆಕಾಶದಲ್ಲಿ ಬಹಳ ಚೆಂದದ ಮೆದು ಛಾಯೆ. ಮದುವೆ ಫೋಟೋ ಇರುವ ರೀಲನ್ನು ದಯವಿಟ್ಟು ಇದರಲ್ಲಿ ಅದ್ದಬೇಡಿ.

ಮುಳ್ಳಯ್ಯನಗಿರಿಯಲ್ಲಿ ತೆಗೆದ ಮಂಜೆಲ್ಲ ಬೂದಿ ಬಣ್ಣ. ಆದರೆ ಒಂದೆರಡು ಫೋಟೋ ಮಾತ್ರ ಹೊಳೆಯುವ ಹಾಗಿವೆ. ಯಾಕೆ?

ಬೆಳಕು ಅಳೆಯುವ ಮೀಟರ್‌ಗೆ ಮಂಜು ಅಂತ ಗೊತ್ತಿಲ್ಲ. ಕಂಡದ್ದನ್ನೆಲ್ಲ ಅದು ನಡುಬೂದಿಗೆ ಎಳೆಯುತ್ತದೆ. 1,930 ಮೀಟರ್ ಎತ್ತರದಲ್ಲಿ ಸುತ್ತ ಬರೀ ಬಿಳಿ ಇದ್ದಾಗ ಅದು ಬೆಳಕು ಕಡಿಮೆ ಕೊಡುತ್ತದೆ. ಹೊಳೆಯುವ ಆ ಫೋಟೋಗಳಲ್ಲಿ ಬಹುಶಃ ಮುಂದೆ ಕಪ್ಪು ಬಂಡೆಯೋ, ಕಂಬಳಿ ಹೊದ್ದವರೋ ಇರುತ್ತಾರೆ. ಆ ಕಪ್ಪನ್ನು ನೋಡಿ ಮೀಟರ್ ಜಾಸ್ತಿ ಬೆಳಕು ಕೊಟ್ಟಿತು, ಮಂಜು ಬಿಳಿಯಾಯಿತು. ಇನ್ನು ಮುಂದೆ ನೀವೇ ಒಂದು ಸ್ಟಾಪ್ ಹೆಚ್ಚು ಕೊಡಿ, ಒಂದೂವರೆ ಆದರೂ ತೊಂದರೆ ಇಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಇದೆ. ಕೊಟ್ಟಿಗೆಹಾರದ ಚಳಿಯಿಂದ ಚಾರ್ಮಾಡಿ ಇಳಿದು ಉಜಿರೆ ಕಡೆ ಕಾರಿನಿಂದ ಇಳಿದ ಕೂಡಲೇ ತಣ್ಣಗಿರುವ ಲೆನ್ಸಿನ ಮೇಲೆ ಕೆಳಗಿನ ತೇವದ ಗಾಳಿ ಹನಿಗಟ್ಟುತ್ತದೆ. ಆಗ ತೆಗೆದರೆ ಬೆಳಕಿರುವ ಕಡೆಯೆಲ್ಲ ಮೆದುವಾಗಿ ಹರಡಿಕೊಳ್ಳುತ್ತದೆ. ಮುಖಗಳಿಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅಂದರೆ, ಲೆನ್ಸ್ ಒರೆಸುವ ಮೊದಲು ಒಂದು ಫೋಟೋ ತೆಗೆದುಬಿಡಿ. ಹನಿ ಕ್ಯಾಮೆರಾ ಒಳಗೆ ಕಟ್ಟಿಕೊಂಡರೆ ಮಾತ್ರ ಕಷ್ಟ. ಅದಕ್ಕೆ ಇಳಿಯುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿಡಿ.

ಬೇಲೂರು ಗುಡಿಯ ಒಳಗೆ ತೆಗೆದ ಫೋಟೋದಲ್ಲಿ ಜನವೇ ಇಲ್ಲ! ಗುಡಿ ತುಂಬಾ ಜನ ಇದ್ದರಲ್ಲ?

ಶಟರ್ ಬಹಳ ಹೊತ್ತು ತೆರೆದಿತ್ತು. ಓಡಾಡುವವರು ಫಿಲ್ಮಿನಲ್ಲಿ ನಿಲ್ಲುವುದಿಲ್ಲ, ನಿಂತವರು ಮಾತ್ರ ನಿಲ್ಲುತ್ತಾರೆ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಬುಲ್‌ವಾರ್ ದು ಟಾಂಪ್ಲ್ ರಸ್ತೆಯನ್ನು ತೆಗೆದಾಗಲೂ ಹೀಗೇ ಆಯಿತು. ಗಾಡಿ, ಜನ ಎಲ್ಲ ಮಾಯ. ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಉಳಿದ. ಫೋಟೋದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಒಬ್ಬ ಅಂತ ಅವನ ಹೆಸರೇ ಗೊತ್ತಿಲ್ಲದೆ ಎಲ್ಲರೂ ಅವನನ್ನು ನೆನೆಯುತ್ತಾರೆ.

ವಿಷ್ಣುವರ್ಧನನ ಕಾಲದ, 1117ರ ಚೆನ್ನಕೇಶವ ಗುಡಿಯ ಒಳಗೆ ಆ ಕಡೆದ ಕಂಬಗಳ ನಡುವೆ ಬೆಳಕು ತುಂಬಾ ಕಡಿಮೆ. ಇಲ್ಲಿ ಫಿಲ್ಮಿನ ಇನ್ನೊಂದು ಗುಣ ಕೆಲಸ ಮಾಡುತ್ತದೆ. ಹೊತ್ತು ಜಾಸ್ತಿಯಾದಂತೆ ಅದು ಸೋಮಾರಿಯಾಗುತ್ತದೆ. ಎಚ್‌ಪಿ5 ಪ್ಲಸ್‌ಗೆ ಮೀಟರ್ 10 ಸೆಕೆಂಡ್ ಅಂದರೆ ನಿಜವಾಗಿ ಕೊಡಬೇಕಾದದ್ದು ಸುಮಾರು 20 ಸೆಕೆಂಡ್. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಿಗದಿದ್ದರೆ ಹೊರಗೆ ಜಗಲಿಯ ಕಲ್ಲಿನ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು ಒತ್ತಿ. ಯಾರಾದರೂ ಅರ್ಧ ಹೊತ್ತು ನಿಂತು ಹೋದರೆ ಅವರ ಮೂಲಕ ಗೋಡೆಯ ಕೆತ್ತನೆ ಕಾಣುತ್ತದೆ. ನನ್ನ ಪ್ರಕಾರ ಖಾಲಿ ಗುಡಿಗಿಂತ ಇದೇ ಚೆಂದ.

ಮದುವೆಮನೆಯಲ್ಲಿ ಫ್ಲಾಶ್ ಹಾಕಿದೆ. ಫೋಟೋದಲ್ಲಿ ಮದುಮಗ ಇದ್ದಾನೆ, ಮದುಮಗಳ ಕಡೆ ಕತ್ತಲು.

ಶಟರ್ ವೇಗ ಜಾಸ್ತಿ ಇಟ್ಟಿದ್ದೀರಿ. ಬಟ್ಟೆ ಶಟರಿನ ಹಳೆ ಕ್ಯಾಮೆರಾಗಳಿಗೆ ಫ್ಲಾಶ್ ಜೊತೆ 1/60 ಸೆಕೆಂಡಿನ ವೇಗ ದಾಟಬಾರದು. ದಾಟಿದರೆ ಫ್ಲಾಶ್ ಹೊಳೆಯುವಾಗ ಫ್ರೇಮಿನ ಅರ್ಧಕ್ಕೆ ಪರದೆ ಮುಚ್ಚಿರುತ್ತದೆ. ಮದುಮಗಳಿಗೆ ತೋರಿಸುವ ಮೊದಲು ಯೋಚನೆ ಮಾಡಿ.

ಫಿಲ್ಮ್ ಅಂಚಿನ ತೂತುಗಳಿಂದ ಇಳಿದ ಹಾಗೆ ಗೆರೆಗಳು, ಎಲ್ಲೆಡೆ ಬಿರುಕು ಬಿಟ್ಟ ಕೆರೆಯಂಥ ವಿನ್ಯಾಸ. ಇವು ತೊಳೆಯುವಾಗ ಆದದ್ದೇ?

ಎರಡೂ ತೊಳೆಯುವಾಗಿನವೇ. ಡೆವಲಪರ್ ಅಲುಗಾಡಿಸದೆ ಬಿಟ್ಟರೆ, ಕೆಲಸ ಮುಗಿದ ಕಡೆ ಹುಟ್ಟುವ ಬ್ರೋಮೈಡ್ ಕೆಳಗೆ ಇಳಿದು ದಾರಿಯಲ್ಲಿ ಡೆವಲಪರ್ ಕೆಲಸ ತಡೆಯುತ್ತದೆ. ರೋಡಿನಾಲ್ ಅನ್ನುವ ಡೆವಲಪರನ್ನು ನೀರಿಗೆ 1:100ಕ್ಕೆ ಕಲಸಿ ಒಂದು ಗಂಟೆ ಸುಮ್ನೆ ಬಿಡುವವರಿಗೆ ಈ ಗೆರೆ ಆಗಾಗ ಸಿಗುತ್ತದೆ. ನಡುವೆ ಒಮ್ಮೆ ನಿಧಾನವಾಗಿ ತಿರುಗಿಸಿದರೆ ಕಡಿಮೆಯಾಗುತ್ತದೆ.

ಬಿರುಕಿನ ವಿನ್ಯಾಸಕ್ಕೆ ರೆಟಿಕ್ಯುಲೇಶನ್ ಅಂತಾರೆ. ಬೆಚ್ಚಗಿನ ದ್ರಾವಣದಿಂದ ತೆಗೆದು ನೇರ ತಣ್ಣೀರಿಗೆ ಹಾಕಿದರೆ ಉಬ್ಬಿದ ಜೆಲಟಿನ್ ತಟ್ಟನೆ ಮುದುರುತ್ತದೆ. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನ ತೊಟ್ಟಿಯ ನೀರು ಎಷ್ಟು ತಣ್ಣಗಿರುತ್ತದೆ ಅಂತ ನಿಮಗೇ ಗೊತ್ತಲ್ಲ. ಈಗಿನ ಫಿಲ್ಮ್‌ಗಳ ಜೆಲಟಿನ್ ಗಟ್ಟಿ. ಆದ್ದರಿಂದ ಇದು ಬೇಕು ಅಂತ ಮಾಡಿದರೂ ಸುಲಭಕ್ಕೆ ಬರುವುದಿಲ್ಲ. ಬಂದಿದೆ ಅಂದರೆ ಕಾಪಾಡಿಟ್ಟುಕೊಳ್ಳಿ.

ಮಿಂಚಿನ ಕೊಂಬೆಯಂಥ ಗುರುತು?

ಸ್ಥಾಯಿ ವಿದ್ಯುತ್ತಿನ ಕಿಡಿ. ಒಣ ಹವೆಯಲ್ಲಿ ರೀಲನ್ನು ಸರ್ರನೆ ಸುತ್ತಿದರೆ ಬರುತ್ತದೆ. ಆಗುಂಬೆ, ಶೃಂಗೇರಿ ಮಳೆಯಲ್ಲಿ ಬರುವುದು ಕಷ್ಟ. ಬೇಸಿಗೆಯ ಕಡೂರು, ಅರಸೀಕೆರೆ ಕಡೆ ಬಂದರೆ ಆಶ್ಚರ್ಯವಿಲ್ಲ.

ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಕ್ಯಾಮೆರಾ ನೀರಿಗೆ ಬಿತ್ತು. ರೀಲ್ ಹೋದ ಹಾಗೇನಾ?

ಇಲ್ಲ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಆ ಚರ್ಚ್ ಹತ್ತಿರ ದಡ ಜಾರುತ್ತದೆ, ಹುಷಾರು. ನೆನೆದ ರೀಲನ್ನು ಒಣಗಿಸಲು ಹೋಗಬೇಡಿ. ಡಬ್ಬಿಯೊಳಗೇ ಒಣಗಿದರೆ ಜೆಲಟಿನ್ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಕತ್ತಲಲ್ಲಿ ಕ್ಯಾಮೆರಾದಿಂದ ತೆಗೆದು, ಒಳ್ಳೆ ನೀರಿರುವ ಡಬ್ಬದಲ್ಲಿ ಮುಳುಗಿಸಿ, ಬೆಳಕು ಬೀಳದಂತೆ ಮುಚ್ಚಿ, ಅಂದೇ ಅಥವಾ ಮರುದಿನ ತೊಳೆಯಿರಿ. ಕೆಸರಿನ ಗೀರು, ಗುಳ್ಳೆ ಎಲ್ಲ ಇರುತ್ತದೆ. ನೀರಿನಲ್ಲಿ ನಿಂತ ಕಟ್ಟಡದ ಫೋಟೋಗೆ ಅದು ಒಪ್ಪಿದರೆ ನಿಮ್ಮ ಅದೃಷ್ಟ. ಬೇಕೆಂದೇ ರೀಲನ್ನು ನಿಂಬೆರಸ, ಸೋಪಿನ ನೀರಲ್ಲಿ ನೆನೆಸುವವರೂ ಇದ್ದಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಎಲ್ಲರ ಫೋಟೋ ಒಂದೇ ಥರ ಕಾಣುತ್ತದೆ.

ಹಳೆ ಪೆಟ್ಟಿಗೆಯಲ್ಲಿ ಬಳಸದ 'ಇಂದು' ರೀಲ್ ಸಿಕ್ಕಿದೆ. ಕ್ಯಾಮೆರಾದೊಳಗೆ ತೆಗೆದ ಇನ್ನೊಂದು ರೀಲೂ ಇದೆ.

'ಇಂದು' ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನದು, ಸರ್ಕಾರಿ ಕಂಪನಿ. ಈಗ ತಯಾರಿಲ್ಲ. ಅವಧಿ ಮುಗಿದ ಕಪ್ಪು-ಬಿಳುಪು ರೀಲಿಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಅನ್ನುವುದು ವಾಡಿಕೆಯ ಲೆಕ್ಕ. ಮಲೆನಾಡಿನ ತೇವದಲ್ಲಿ ಇಟ್ಟದ್ದಾದರೆ ಈ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಬೂಷ್ಟು ಜೆಲಟಿನ್ ತಿಂದು ಬೇರಿನಂಥ ಗೆರೆ ಬಿಡುತ್ತದೆ. ಕೆಲವೊಮ್ಮೆ ಆಕಾಶದಲ್ಲಿ ಅದೇ ಮರದ ಕೊಂಬೆಯಂತೆ ಕಾಣುತ್ತದೆ.

ತೆಗೆದಿರುವ ರೀಲ್ ವಿಚಾರದಲ್ಲಿ ಮಾತ್ರ ಆಟ ಬೇಡ. ಹಿಂಬಾಗಿಲು ತೆರೆಯಬೇಡಿ. ಮೊದಲು ಸುತ್ತಿಕೊಳ್ಳಿ. ಎಚ್‌ಸಿ-110 ಥರ ಮಬ್ಬು ಕಡಿಮೆ ಮಾಡುವ ಡೆವಲಪರ್‌ನಲ್ಲಿ, ತಣ್ಣಗಿನ ನೀರಿನಲ್ಲಿ ತೊಳೆಯುವ ಅನುಭವಿಗಳಿಗೆ ಕೊಡಿ. ಮಂಕಾದ ಬೂದಿಯ ಹಿಂದೆ ಯಾರೋ ಹಿರಿಯರು ಜಗಲಿ ಮೇಲೆ ಕೂತಿರಬಹುದು. ಅಂಥದ್ದು ಮತ್ತೆ ಸಿಗುವುದಿಲ್ಲ.

ಬೆಳಕೇ ತಾಗದ ರೀಲೂ ಮಬ್ಬಾಗುತ್ತದಾ?

ಆಗುತ್ತದೆ. ಈ ಮಬ್ಬಿನಿಂದಲೇ ಒಂದು ವಿಜ್ಞಾನ ಹುಟ್ಟಿತು. 1896ರಲ್ಲಿ ಪ್ಯಾರಿಸ್‌ನಲ್ಲಿ ಆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನು ಬಿಸಿಲಲ್ಲಿಟ್ಟು ಪರೀಕ್ಷೆ ಮಾಡಬೇಕೆಂದಿದ್ದ. ಮೋಡ ಕವಿಯಿತು. ಕಪ್ಪು ಕಾಗದ ಸುತ್ತಿದ ಫಲಕವನ್ನು ಲವಣದ ಜೊತೆ ಡ್ರಾಯರಿಗೆ ಹಾಕಿಟ್ಟ. ಕೆಲವು ದಿನದ ಮೇಲೆ ಹಾಗೇ ಡೆವಲಪ್ ಮಾಡಿದರೆ ಲವಣ ಇಟ್ಟ ಜಾಗದಲ್ಲಿ ಗಾಢ ಗುರುತು! ವಿಕಿರಣಶೀಲತೆ ಪತ್ತೆಯಾಗಿದ್ದು ಹಾಗೆ. 1945ರಲ್ಲಿ ಕೊಡಾಕ್‌ನ ಎಕ್ಸ್‌ರೇ ಫಿಲ್ಮ್‌ಗಳ ಮೇಲೆ ಚುಕ್ಕೆ ಕಾಣಿಸಿಕೊಂಡವು. ಹುಡುಕಿಕೊಂಡು ಹೋದರೆ ಪ್ಯಾಕಿಂಗ್ ರಟ್ಟು ಸಿಕ್ಕಿತು. ಆ ರಟ್ಟಿನಲ್ಲಿ ಜುಲೈ ತಿಂಗಳ ಮೊದಲ ಅಣುಬಾಂಬ್ ಪರೀಕ್ಷೆಯ ಧೂಳು ಸೇರಿತ್ತು.

ನಮಗೆ ಬೇಕಾದ ಪಾಠ ಚಿಕ್ಕದು. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಬಿಡುವ ಹೊಸ ಸಿ.ಟಿ. ಸ್ಕ್ಯಾನರ್‌ಗೆ ರೀಲ್ ಹಾಕಬೇಡಿ, ಕೈಯಲ್ಲಿ ನೋಡಿ ಅಂತ ಕೇಳಿಕೊಳ್ಳಿ. ಅಲ್ಲಿ ಆಗುವ ಮಬ್ಬಿನಲ್ಲಿ ಯಾವ ಚೆಂದವೂ ಇರುವುದಿಲ್ಲ.

ರೀಲ್ ಪೂರ್ತಿ ಖಾಲಿ ಬಂದಿದೆ. ಹಾಲಿನಂತೆ ಬಿಳಿಚಿಕೊಂಡಿದೆ.

ಖಾಲಿ ಬೇರೆ, ಹಾಲು ಬೇರೆ. ಹಾಲಿನಂತಿದ್ದರೆ ಹೈಪೋ ಸಾಲದು. ತಾಜಾ ಫಿಕ್ಸರ್‌ಗೆ ಮತ್ತೆ ಹಾಕಿ, ಬಹುಮಟ್ಟಿಗೆ ಸರಿಹೋಗುತ್ತದೆ. ಪಾರದರ್ಶಕವಾಗಿ ಖಾಲಿ ಇದ್ದು ಅಂಚಿನ ಅಕ್ಷರ ಇದ್ದರೆ ಫಿಲ್ಮ್ ಮುಂದೆ ಹೋಗಿಯೇ ಇಲ್ಲ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ನಾಬ್ ತಿರುಗುತ್ತದಾ ಅಂತ ಪ್ರತಿ ಸಲ ನೋಡಿ.

ಇದನ್ನೆಲ್ಲ ಮೊಬೈಲ್ ಆಪ್‌ನಲ್ಲಿ ಮಾಡಬಹುದಲ್ಲ?

ಮಾಡಬಹುದು. ಆದರೆ ಆಪ್‌ನಲ್ಲಿ ಬೆಳಕಿನ ಪಟ್ಟೆ ನೀವು ಆರಿಸಿದ ಕಡೆಗೇ ಬೀಳುತ್ತದೆ. ಅದಕ್ಕೇ ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ನನ್ನ ಅಳತೆ ಹೀಗೆ. ಕಲೆಯನ್ನು ಮನಸ್ಸಿನಲ್ಲೇ ಅಳಿಸಿ ನೋಡಿ. ಉಳಿದ ಫೋಟೋದಲ್ಲಿ ಏನಾದರೂ ಇದೆಯಾ? ಇಲ್ಲ ಅಂದರೆ ಕಲೆ ಅದನ್ನು ಎತ್ತಲಾರದು. ಖಾಲಿ ರಸ್ತೆಯ ಮೇಲೆ ಬೆಳಕು ಬಿದ್ದರೂ ಅದು ಖಾಲಿ ರಸ್ತೆಯೇ. ಹಾಸನಾಂಬೆ ದರ್ಶನದ ಸಾಲಿನಲ್ಲಿ ಸುಸ್ತಾಗಿ ಕೂತ ಅಜ್ಜಿಯ ಮುಖದ ಪಕ್ಕಕ್ಕೆ ಅದೇ ಬೆಳಕು ಬಿದ್ದರೆ ಮಾತು ಬೇರೆ. ಹೆಚ್ಚಿನ ಎಡವಟ್ಟುಗಳು ಬರೀ ನಷ್ಟ, ಇದನ್ನು ಒಪ್ಪಿಕೊಳ್ಳಬೇಕು. ಆದರೆ ತೊಳೆದ ದಿನವೇ ತೀರ್ಮಾನ ಮಾಡಬೇಡಿ. ಆವತ್ತು ನಿಮ್ಮ ತಲೆಯಲ್ಲಿ ನೀವು ತೆಗೆಯಬೇಕೆಂದಿದ್ದ ಫೋಟೋ ಇರುತ್ತದೆ, ಕೈಯಲ್ಲಿರುವುದು ಕಾಣುವುದಿಲ್ಲ. ಕೆಲವು ತಿಂಗಳು ಬಿಟ್ಟು ನೋಡಿ.

ಹೊರಗೆ ಕೊಟ್ಟು ತೊಳೆಸುತ್ತೇನೆ. ಕೆಟ್ಟ ಫ್ರೇಮ್‌ಗಳನ್ನು ಅವರು ಸ್ಕ್ಯಾನ್ ಮಾಡುವುದೇ ಇಲ್ಲ.

ಅವರ ತಪ್ಪಲ್ಲ. ಗಿರಾಕಿ ಬೈಯಬಾರದು ಅಂತ ಬಿಟ್ಟುಬಿಡುತ್ತಾರೆ. ರೀಲ್ ಕಳಿಸುವಾಗಲೇ ಕವರಿನ ಮೇಲೆ ಬರೆಯಿರಿ: ಎಲ್ಲ ಫ್ರೇಮ್ ಸ್ಕ್ಯಾನ್ ಮಾಡಿ, ಮಸುಕಾದದ್ದು, ಒಂದರ ಮೇಲೊಂದು ಬಿದ್ದದ್ದು ಕೂಡ. ಫ್ರೇಮ್ ಒಂದರೊಳಗೊಂದು ಸೇರಿಕೊಂಡಿದ್ದರೆ ನೆಗೆಟಿವ್ ಕತ್ತರಿಸಬೇಡಿ, ಉದ್ದಕ್ಕೆ ಹಾಗೇ ಸುತ್ತಿ ಕಳಿಸಿ. ಕಲೆ ತಿದ್ದಬೇಡಿ. ನೆಗೆಟಿವ್ ವಾಪಸ್ ಬೇಕು. ಮಳೆಗಾಲದಲ್ಲಿ ಕೊರಿಯರ್ ಮಾಡುವುದಾದರೆ ರೀಲನ್ನು ಜಿಪ್ ಕವರಿನಲ್ಲಿ ಹಾಕಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತವಲ್ಲ, ಅವೇ ಸಾಕು.